ವಾರಂಟಿ ಇರುವುದು ಬಿಲ್ಲಿನಲ್ಲಿ, ವೆಬ್‌ಸೈಟಿನಲ್ಲಿ ಅಲ್ಲ ಮಾರಾಯ್ರೆ

ನಮ್ಮ ಭಜನಾ ಮಂಡಳಿಯ ಕೀಬೋರ್ಡಿನಲ್ಲಿ ‘ಕಪ್ಪು ಒಂದು’, ಅಂದರೆ ಸಿ ಶಾರ್ಪ್ ಸ್ವರದ ಕಪ್ಪು ಕೀ, ಕೈಕೊಟ್ಟದ್ದು ನವರಾತ್ರಿಯ ಎರಡನೇ ದಿನ. ನಮ್ಮ ಮುಖ್ಯ ಹಾಡುಗಾರರ ಶ್ರುತಿಯೇ ಅದು. ಒಮ್ಮೆ ಒತ್ತಿದರೆ ಶಬ್ದವೇ ಇಲ್ಲ, ಇನ್ನೊಮ್ಮೆ ಒತ್ತಿದರೆ ಗರ್ನಾಲು ಪಟಾಕಿ ಹೊಡೆದ ಹಾಗೆ. ಕೊಂಡು ಏಳೇ ತಿಂಗಳಾಗಿತ್ತು, ವಾರಂಟಿ ಒಂದು ವರ್ಷದ್ದು, ಹಾಗಾಗಿ ಧೈರ್ಯದಿಂದಲೇ ಫೋನ್ ಮಾಡಿದೆ. ಅರ್ಧ ಗಂಟೆ ಮ್ಯೂಸಿಕ್ ಕೇಳಿಸಿದ ಮೇಲೆ ಆ ಕಡೆಯವರು ಹೇಳಿದ್ದು ಒಂದೇ ಮಾತು: "ಸರ್, ನಿಮ್ಮ ಪ್ರಾಡಕ್ಟ್ ನಮ್ಮಲ್ಲಿ ರಿಜಿಸ್ಟರ್ ಆಗಿಲ್ಲ, ಹಾಗಾಗಿ ವಾರಂಟಿ ತೋರಿಸ್ತಾ ಇಲ್ಲ."

ರಿಜಿಸ್ಟರ್ ಮಾಡಲು ನಾನು ಪ್ರಯತ್ನಿಸಿರಲಿಲ್ಲ ಅಂತಲ್ಲ. ಮೂರು ಸಲ ಕೂತಿದ್ದೆ, ಮೂರು ಸಲವೂ ಆ ಫಾರ್ಮು ನನ್ನನ್ನು ಹೊರಗೆ ಹಾಕಿತ್ತು. ಆ ಕತೆ ಕೆಳಗೆ ಬರುತ್ತದೆ.

ಆಮೇಲೆ ಸುಮಾರು ಎರಡು ತಿಂಗಳು ಫೋನು, ಮೇಲು, ಪಾರ್ಸೆಲ್ಲು ಅಂತ ಓಡಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕೀಬೋರ್ಡ್, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿ ಪೆಟ್ಟಿಗೆ, ತಾಳದ ಪೆಟ್ಟಿಗೆ, ಮಿಕ್ಸರು, ಯಾವುದಕ್ಕಾದರೂ ಇದು ನಡೆಯುತ್ತದೆ. ಉಡುಪಿ, ಮಂಗಳೂರು ಕಡೆಯವರಿಗೆ ಸ್ವಲ್ಪ ಜಾಸ್ತಿ ಉಪಯೋಗವಾದೀತು, ಯಾಕೆಂದರೆ ನಮ್ಮ ಮಳೆ, ನಮ್ಮ ಡೋರ್ ನಂಬರು, ನಮ್ಮ ಗಲ್ಫ್ ನೆಂಟರು, ಎಲ್ಲವೂ ಈ ವಿಷಯದಲ್ಲಿ ಬಂದು ಸೇರಿಕೊಳ್ಳುತ್ತವೆ.

ಮೊದಲ ಹೆಜ್ಜೆ: ದುಡ್ಡು ಕೊಡುವ ಮೊದಲೇ ಕೇಳಿ

ಅಂಗಡಿಯಲ್ಲಿ ನಾವು ಕೇಳುವುದು ಎಂತ? "ಎಷ್ಟು ಕಡಿಮೆ ಮಾಡ್ತೀರಿ?" ಅಷ್ಟೇ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ: "ಹಾಳಾದರೆ ನಾನು ಎಲ್ಲಿಗೆ ಹೋಗಬೇಕು?" "ಕಂಪನಿ ನೋಡಿಕೊಳ್ತದೆ" ಅಂದರೆ ಬಿಡಬೇಡಿ. ಸರ್ವಿಸ್ ಸೆಂಟರ್ ಮಂಗಳೂರಿನಲ್ಲಿ ಉಂಟಾ, ಇಲ್ಲ ಬೆಂಗಳೂರಿಗೇ ಹೋಗಬೇಕಾ, ಹೋಗಬೇಕಾದರೆ ಕಳಿಸುವ ಖರ್ಚು ಯಾರದ್ದು, ಅಂಗಡಿಯವರೇ ತೆಗೆದುಕೊಂಡು ಕಳಿಸಿಕೊಡುತ್ತಾರಾ ಅಂತ ಕೇಳಿ. 61 ಕೀಗಳ ಕೀಬೋರ್ಡನ್ನು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಘಾಟಿ ಹತ್ತಿಸಿದವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ಊರಿನ ಅಂಗಡಿಯವರು ಐನೂರು ರೂಪಾಯಿ ಜಾಸ್ತಿ ಹೇಳಿದರೂ "ತಂದು ಕೊಡಿ, ಮುಂದಿನದ್ದು ನಾನು ನೋಡಿಕೊಳ್ತೇನೆ" ಅನ್ನುವವರಾದರೆ ನಾನು ಅಲ್ಲಿಯೇ ಕೊಳ್ಳುತ್ತೇನೆ. ಇದು ನನ್ನ ಅಭಿಪ್ರಾಯ, ನಿಮ್ಮ ಲೆಕ್ಕ ಬೇರೆ ಇರಬಹುದು.

ಆನ್‌ಲೈನಿನಲ್ಲಿ ತರಿಸುವುದಾದರೆ ಮಾರುವವರು ಯಾರು ಅಂತ ನೋಡಿ. ದೊಡ್ಡ ಆ್ಯಪಿನ ಹೆಸರು ಮೇಲೆ ಇದ್ದರೂ ಕೆಳಗೆ ಸಣ್ಣ ಅಕ್ಷರದಲ್ಲಿ ಬೇರೆ ಯಾರದ್ದೋ ಹೆಸರು ಇರುತ್ತದೆ. ಬಿಲ್ಲು ಬರುವುದು ಆ ಹೆಸರಿನಲ್ಲಿ. ಅವರು ಕಂಪನಿಯ ಅಧಿಕೃತ ಡೀಲರ್ ಅಲ್ಲದಿದ್ದರೆ "ಇದು ನಮ್ಮ ಡೀಲರಿನಿಂದ ಬಂದದ್ದಲ್ಲ" ಅಂತ ಕಂಪನಿ ಕೈತೊಳೆದುಕೊಳ್ಳಲು ನೋಡುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ಡೀಲರ್ ಪಟ್ಟಿ ಇದ್ದರೆ ಎರಡು ನಿಮಿಷ ತಾಳೆ ನೋಡಿ.

ಪೆಟ್ಟಿಗೆಯ ಮೇಲಿನ ಚೀಟಿಯನ್ನೂ ಓದಿ. ಹೊರದೇಶದಿಂದ ಬಂದ ಸಾಮಾನಾದರೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ದೂರು ಹೇಳಲು ಫೋನ್ ನಂಬರು, ಇಮೇಲು, ಇಷ್ಟೂ ಇರಬೇಕು ಅಂತ ಪ್ಯಾಕೆಟ್ ಸಾಮಾನುಗಳಿಗೆ ಸಂಬಂಧಿಸಿದ 2011ರ ಕೇಂದ್ರದ ನಿಯಮವೇ ಹೇಳುತ್ತದೆ. ಆ ಚೀಟಿಯೇ ಇಲ್ಲದ ಪೆಟ್ಟಿಗೆ ಬಂದರೆ ಅದು ಅಡ್ಡದಾರಿಯಲ್ಲಿ ಬಂದ ಮಾಲು ಅಂತ ಸಂಶಯ ಪಡಿ.

ಇನ್ನು ಗಲ್ಫ್ ವಿಷಯ. ದುಬೈಯಿಂದಲೋ ಮಸ್ಕತ್‌ನಿಂದಲೋ ಬಾವ ಬರುವಾಗ ಒಂದು ಕೀಬೋರ್ಡ್ ಹೊತ್ತು ತರುವುದು ನಮ್ಮಲ್ಲಿ ಹೊಸತೇನಲ್ಲ. ಸಾಮಾನು ಚೆನ್ನಾಗಿಯೇ ಇರುತ್ತದೆ. ಆದರೆ ಹೆಚ್ಚಿನ ಕಂಪನಿಗಳ ವಾರಂಟಿ ಮಾರಿದ ದೇಶದಲ್ಲಿ ಮಾತ್ರ ನಡೆಯುತ್ತದೆ. ಇಲ್ಲಿನ ವೆಬ್‌ಸೈಟಿನಲ್ಲಿ ಆ ಸೀರಿಯಲ್ ನಂಬರ್ ಹಾಕಿದರೆ "ತಪ್ಪು ನಂಬರ್" ಅಂತ ಬರುತ್ತದೆ, ನೀವು ನೂರು ಸಲ ಒತ್ತಿದರೂ ಅಷ್ಟೇ. ದುಬೈ ಕರೆಂಟು ನಮ್ಮ ಹಾಗೆಯೇ, ಪ್ಲಗ್ಗಿನ ಪಿನ್ ಮಾತ್ರ ಬೇರೆ. ಅಮೆರಿಕದಿಂದ ತಂದದ್ದಾದರೆ ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಅಡಾಪ್ಟರ್ ಮೇಲೆ ‘100-240’ ಅಂತ ಬರೆದಿದೆಯಾ ಅಂತ ನೋಡದೆ ಪ್ಲಗ್ಗಿಗೆ ಹಾಕಬೇಡಿ. ಬಾವನ ಹತ್ತಿರ ಅಲ್ಲಿಯ ಬಿಲ್ಲನ್ನೂ ಕೇಳಿ ಇಟ್ಟುಕೊಳ್ಳಿ. ಮುಂದಿನ ಸಲ ಹೋಗುವಾಗ ಅಲ್ಲೇ ರಿಪೇರಿ ಮಾಡಿಸಿ ತರಬಹುದು, ಬೇಜಾರಿಲ್ಲದಿದ್ದರೆ.

ಎರಡನೇ ಹೆಜ್ಜೆ: ಪೆಟ್ಟಿಗೆ ಬಿಚ್ಚುವ ದಿನ

ಆ ದಿನ ಎಲ್ಲರಿಗೂ ನುಡಿಸುವ ಅವಸರ. ಹತ್ತು ನಿಮಿಷ ತಡೆಯಿರಿ. ಒಬ್ಬರು ಬಿಚ್ಚಲಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಟೇಪು ಕತ್ತರಿಸುವ ಮೊದಲಿನಿಂದ ಹಿಡಿದು ಕೊನೆಯ ಕೀ ಒತ್ತಿ ನೋಡುವವರೆಗೆ ಒಂದೇ ವಿಡಿಯೊ, ನಡುವೆ ನಿಲ್ಲಿಸಬೇಡಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಇದು ಬೇಕೇ ಬೇಕು.

ಆಮೇಲೆ ಫೋಟೊ. ಬಿಲ್ಲಿನದ್ದು ಒಂದು, ವಾರಂಟಿ ಕಾರ್ಡಿನದ್ದು ಒಂದು, ಪೆಟ್ಟಿಗೆ ಮೇಲಿನ ಚೀಟಿಯದ್ದು ಒಂದು, ಕೀಬೋರ್ಡ್ ಅಡಿ ಇರುವ ಬೆಳ್ಳಿ ಬಣ್ಣದ ಸ್ಟಿಕ್ಕರಿನದ್ದು ಒಂದು, ಅಡಾಪ್ಟರಿನದ್ದು ಒಂದು. ಆ ಬೆಳ್ಳಿ ಸ್ಟಿಕ್ಕರೇ ಮುಖ್ಯ. ಸೀರಿಯಲ್ ನಂಬರ್ ಇರುವುದು ಅಲ್ಲಿ. ನಮ್ಮ ಸೆಖೆಗೆ, ಬೆವರಿನ ಕೈಗೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಕ್ಷರ ಅಳಿಸಿ ಹೋಗುತ್ತದೆ. ಸ್ಟ್ಯಾಂಡಿನ ಮೇಲೆ ಉಜ್ಜಿ ಉಜ್ಜಿ ಹೋದದ್ದನ್ನೂ ನೋಡಿದ್ದೇನೆ. ಪೆಟ್ಟಿಗೆ ಮೇಲಿನ ನಂಬರೂ ಅಡಿಯ ನಂಬರೂ ಒಂದೇ ಹೌದಾ ಅಂತ ಆಗಲೇ ತಾಳೆ ನೋಡಿ. ಬೇರೆಯಾದರೆ ಅವತ್ತೇ ಅಂಗಡಿಗೆ ಹೇಳಿ, ನಾಳೆ ಅಂತ ಬಿಡಬೇಡಿ.

ಬಿಲ್ಲು ನುಣುಪು ಕಾಗದದ್ದಾದರೆ, ಬಸ್ ಟಿಕೆಟಿನಂಥದ್ದು, ಅದು ಆರು ತಿಂಗಳಲ್ಲಿ ಬೆಳ್ಳಗಾಗಬಹುದು. ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟರೆ ಇನ್ನೂ ಬೇಗ. ಅದೇ ದಿನ ಝೆರಾಕ್ಸ್ ಮಾಡಿ. ಬಿಲ್ಲಿನಲ್ಲಿ ಬರೀ ‘ಕೀಬೋರ್ಡ್ 1’ ಅಂತ ಬರೆದಿದ್ದರೆ ಮಾಡೆಲ್ಲು, ಸೀರಿಯಲ್ ನಂಬರು ಎರಡನ್ನೂ ಸೇರಿಸಿ ಸೀಲು ಹಾಕಿಸಿಕೊಳ್ಳಿ. "ಬಿಲ್ಲು ಬೇಡ ಅಂದರೆ ಜಿಎಸ್‌ಟಿ ಉಳೀತದೆ" ಅನ್ನುವ ಮಾತಿಗೆ ಮರುಳಾಗಬೇಡಿ. ಬಿಲ್ಲು ಕೊಡದಿರುವುದು ಗ್ರಾಹಕ ಕಾನೂನಿನ ಪ್ರಕಾರವೇ ತಪ್ಪು ವ್ಯವಹಾರ, ಅದಕ್ಕಿಂತ ಹೆಚ್ಚಾಗಿ ಆ ಬಿಲ್ಲು ಇಲ್ಲದಿದ್ದರೆ ನಿಮ್ಮ ಹತ್ತಿರ ಏನೂ ಇಲ್ಲ.

ಎಲ್ಲ ಫೋಟೊಗಳನ್ನೂ ಒಂದು ಮೇಲಿಗೆ ಹಾಕಿ ನಿಮಗೇ ಕಳಿಸಿಕೊಳ್ಳಿ. ಫೋನ್ ಹೋದರೂ ಮೇಲು ಇರುತ್ತದೆ.

ಪೆಟ್ಟಿಗೆ, ಥರ್ಮಾಕೋಲು ಬಿಸಾಡಬೇಡಿ. ಕಡೇಪಕ್ಷ ವಾರಂಟಿ ಮುಗಿಯುವವರೆಗೆ ಅಟ್ಟದಲ್ಲಿ ಇರಲಿ, ಆದರೆ ನೆಲಕ್ಕೆ ತಾಗದ ಹಾಗೆ, ಗೋಡೆಗೆ ಒರಗದ ಹಾಗೆ. ನಮ್ಮದನ್ನು ಒರಲೆ ತಿಂದಿತ್ತು.

ಮೂರನೇ ಹೆಜ್ಜೆ: ಆ ಫಾರ್ಮು

ಮೊದಲು ತಲೆಯಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಹೆಚ್ಚಿನ ಕಂಪನಿಗಳ ವಾರಂಟಿ ಶುರುವಾಗುವುದು ಬಿಲ್ಲಿನ ತಾರೀಕಿನಿಂದ. ರಿಜಿಸ್ಟ್ರೇಶನ್ ಅನ್ನುವುದು ಕಂಪನಿಗೆ ನಿಮ್ಮ ವಿವರ ಸಿಗುವ ದಾರಿ. ಕೆಲವು ಕಡೆ ಅದರಿಂದ ನಿಮಗೂ ಲಾಭ ಉಂಟು, ವಾರಂಟಿ ಆರು ತಿಂಗಳೋ ವರ್ಷವೋ ಮುಂದೆ ಹೋಗುತ್ತದೆ, ಉಚಿತ ಸಾಫ್ಟ್‌ವೇರ್ ಸಿಗುತ್ತದೆ. ಅದು ಬೇಕಾದರೆ ಇಷ್ಟು ದಿನದೊಳಗೆ ಮಾಡಬೇಕು ಅಂತ ಗಡುವು ಇರುತ್ತದೆ. ವಾರಂಟಿ ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರ ಓದಿ. ಕನ್ನಡಕ ಬೇಕಾದರೆ ಹಾಕಿಕೊಳ್ಳಿ, ಆದರೆ ಓದಿ. ‘ರಿಜಿಸ್ಟರ್ ಮಾಡದಿದ್ದರೆ ವಾರಂಟಿ ಇಲ್ಲ’ ಅಂತ ಅಲ್ಲಿ ಬರೆದಿಲ್ಲದಿದ್ದರೆ ಫೋನಿನವರು ಹಾಗೆ ಹೇಳುವಂತಿಲ್ಲ. ನಮ್ಮ ಕಾರ್ಡಿನಲ್ಲಿ ಬರೆದಿರಲಿಲ್ಲ. ಆದರೂ ಹೇಳಿದರು.

ಈಗ ಫಾರ್ಮು ನಮ್ಮನ್ನು ಎಲ್ಲೆಲ್ಲಿ ಹಿಡಿದು ಹಾಕುತ್ತದೆ ಅಂತ ನೋಡುವ.

ಹೆಸರು. ಕೊನೆಯ ಹೆಸರು ಕಡ್ಡಾಯ ಅನ್ನುತ್ತದೆ. ನಮ್ಮಲ್ಲಿ ಎಷ್ಟೋ ಜನರಿಗೆ ಹೆಸರು, ಮುಂದೆ ಒಂದು ಇನಿಶಿಯಲ್, ಅಷ್ಟೇ. ಒಂದಕ್ಷರ ಹಾಕಿದರೆ ಫಾರ್ಮು ಒಪ್ಪುವುದಿಲ್ಲ. ಇನಿಶಿಯಲ್ಲನ್ನು ಬಿಡಿಸಿ ಬರೆಯಿರಿ, ಅದು ತಂದೆಯ ಹೆಸರೋ ಊರಿನ ಹೆಸರೋ ಏನೇ ಇರಲಿ. ಆದರೆ ಬಿಲ್ಲಿನಲ್ಲಿ ಇರುವ ಹೆಸರಿಗೂ ಇದಕ್ಕೂ ಹೊಂದಿಕೆ ಇರಬೇಕು. ಹಾಗಾಗಿ ಬಿಲ್ಲು ಮಾಡಿಸುವಾಗಲೇ ಪೂರ್ತಿ ಹೆಸರು ಹೇಳಿದರೆ ಮುಂದಿನ ತಲೆನೋವು ಇಲ್ಲ.

ಡೋರ್ ನಂಬರು. ನನ್ನ ಮನೆ ನಂಬರಿನಲ್ಲಿ ಒಂದು ಅಡ್ಡಗೆರೆ, ಒಂದು ಓರೆಗೆರೆ, ಕೊನೆಗೆ ಬ್ರಾಕೆಟಿನಲ್ಲಿ ಒಂದು ಅಂಕೆ. ಪಂಚಾಯತಿನವರು ಕೊಟ್ಟದ್ದು, ನಾನು ಕೇಳಿದ್ದಲ್ಲ. ಫಾರ್ಮು "ವಿಶೇಷ ಚಿಹ್ನೆ ಬಳಸಬೇಡಿ" ಅಂತ ಕೆಂಪು ಅಕ್ಷರದಲ್ಲಿ ಬೈಯಿತು. ಚಿಹ್ನೆಗಳ ಜಾಗದಲ್ಲಿ ಖಾಲಿ ಬಿಟ್ಟು ಬರೆದೆ, ಒಪ್ಪಿತು. ವಿಳಾಸ ಹುಡುಕಿ ಬರುವವರು ಹೇಗೂ ದೈವಸ್ಥಾನದ ಹತ್ತಿರ ನಿಂತು ಫೋನ್ ಮಾಡುತ್ತಾರೆ, ಅಲ್ವಾ.

ಊರು. 2014ರ ನವೆಂಬರ್ 1ಕ್ಕೆ ಮ್ಯಾಂಗಲೋರ್ ಹೋಗಿ ಮಂಗಳೂರು ಆಯಿತು. ಫಾರ್ಮುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಪಟ್ಟಿಯಲ್ಲಿ ನಿಮ್ಮ ಊರು ಸಿಗದಿದ್ದರೆ ಹಳೆಯ ಇಂಗ್ಲಿಷ್ ಹೆಸರು ಹುಡುಕಿ. ಪಿನ್ ಕೋಡ್ ಮೊದಲು ಹಾಕಿದರೆ ಊರು ತಾನೇ ತುಂಬಿಕೊಳ್ಳುವ ಫಾರ್ಮುಗಳೂ ಉಂಟು, ಹಾಗಾಗಿ ಅಲ್ಲಿಂದಲೇ ಶುರು ಮಾಡಿ.

ಸೀರಿಯಲ್ ನಂಬರು. ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ, ಒಂದೋ ಐ ಅಕ್ಷರವೋ, ಎಂಟೋ ಬಿ ಅಕ್ಷರವೋ, ಬರಿಗಣ್ಣಿಗೆ ಗೊತ್ತೇ ಆಗುವುದಿಲ್ಲ. ಫೋಟೊ ದೊಡ್ಡದು ಮಾಡಿ ನೋಡಿ. ಪಕ್ಕದಲ್ಲಿ ಬಾರ್‌ಕೋಡ್ ಇದ್ದರೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಅದರಲ್ಲಿ ನಂಬರು ಸರಿಯಾಗಿ ಬರುತ್ತದೆ. ಇನ್ನೊಂದು, ಮಾಡೆಲ್ ನಂಬರನ್ನೇ ಸೀರಿಯಲ್ ನಂಬರ್ ಅಂದುಕೊಂಡು ಹಾಕುವವರು ತುಂಬ ಜನ. ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ, ಸುಮ್ನೆ ಕಂಪನಿಯನ್ನು ಬೈದೆ.

ಬಿಲ್ಲು ಅಪ್‌ಲೋಡ್. ಈಗಿನ ಮೊಬೈಲಿನ ಫೋಟೊ ನಾಲ್ಕೈದು ಎಂಬಿ ಇರುತ್ತದೆ, ಫಾರ್ಮು ಕೇಳುವುದು ಒಂದೋ ಎರಡೋ ಎಂಬಿ. ದೊಡ್ಡದಾದರೆ ಕೆಲವು ಫಾರ್ಮುಗಳು ಹೇಳುವುದೂ ಇಲ್ಲ, ಸುಮ್ಮನೆ ತಿರುಗುತ್ತಾ ಇರುತ್ತವೆ. ಆ ಫೋಟೊವನ್ನು ವಾಟ್ಸ್ಆ್ಯಪಿನಲ್ಲಿ ಮನೆಯವರಿಗೆ ಕಳಿಸಿ, ಅಲ್ಲಿಂದ ಇಳಿಸಿಕೊಳ್ಳಿ. ಚಿಕ್ಕದಾಗಿರುತ್ತದೆ. ಇಷ್ಟು ಸುಲಭದ ಉಪಾಯ ನನಗೆ ಹೇಳಿಕೊಟ್ಟದ್ದು ಪಿಯುಸಿ ಓದುವ ಸೋದರಸೊಸೆ.

ಒಟಿಪಿ ಬಾರದಿದ್ದರೆ ಮತ್ತೆ ಮತ್ತೆ ಒತ್ತಬೇಡಿ, ಕೆಲವು ಸೈಟುಗಳು ಒಂದು ದಿನ ಬಾಗಿಲು ಹಾಕುತ್ತವೆ. ಸಾಧ್ಯವಾದರೆ ಕಂಪ್ಯೂಟರಿನಲ್ಲಿ ಮಾಡಿ.

ಎಲ್ಲ ಮಾಡಿಯೂ ಆಗದಿದ್ದರೆ? ಇದು ಈ ಇಡೀ ಲೇಖನದ ಮುಖ್ಯ ಮಾತು. ತಪ್ಪು ತೋರಿಸುವ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಅದನ್ನೂ, ಬಿಲ್ಲನ್ನೂ, ಸೀರಿಯಲ್ ನಂಬರ್ ಫೋಟೊವನ್ನೂ ಸೇರಿಸಿ ಕಂಪನಿಯ ಇಮೇಲಿಗೆ ನಾಲ್ಕು ಸಾಲು ಬರೆಯಿರಿ: "ಇಂಥ ದಿನ ಕೊಂಡೆ, ಇಂಥ ದಿನ ರಿಜಿಸ್ಟರ್ ಮಾಡಲು ಹೋದೆ, ನಿಮ್ಮ ಸೈಟ್ ಒಪ್ಪಲಿಲ್ಲ, ಈ ಮೇಲನ್ನೇ ನನ್ನ ರಿಜಿಸ್ಟ್ರೇಶನ್ ಅಂತ ತೆಗೆದುಕೊಳ್ಳಿ." ಉತ್ತರ ಬಾರದಿದ್ದರೂ ಚಿಂತೆ ಇಲ್ಲ. ನೀವು ಗಡುವಿನ ಒಳಗೆ ಪ್ರಯತ್ನ ಮಾಡಿದ್ದಕ್ಕೆ ತಾರೀಕಿನ ಸಮೇತ ಸಾಕ್ಷಿ ಆಯಿತು. ನಾನು ಇದನ್ನು ಮಾಡಿರಲಿಲ್ಲ. ಮಾಡಿದ್ದರೆ ಎರಡು ತಿಂಗಳ ಕೆಲಸ ಎರಡು ವಾರದಲ್ಲಿ ಆಗುತ್ತಿತ್ತು.

ಯಾರ ನಂಬರು ಕೊಡಬೇಕು?

ಮಂಡಳಿ, ಸಂಘ, ಚರ್ಚಿನ ಗಾಯನ ತಂಡ, ಇವರಿಗೆ ಇದು ಮುಖ್ಯ. ನಮ್ಮ ಶ್ರುತಿಪೆಟ್ಟಿಗೆ ಹಳೆಯ ಕಾರ್ಯದರ್ಶಿಯ ಮೊಬೈಲಿಗೆ ರಿಜಿಸ್ಟರ್ ಆಗಿತ್ತು. ಅವರು ಕತಾರಿಗೆ ಹೋದರು, ಇಲ್ಲಿಯ ಸಿಮ್ಮಿಗೆ ರೀಚಾರ್ಜ್ ಮಾಡಲಿಲ್ಲ, ನಂಬರು ಬಂದ್ ಆಯಿತು. ಹಾಗೆ ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡುತ್ತಾರೆ. ಒಟಿಪಿ ಈಗ ಯಾರೋ ಅಪರಿಚಿತರಿಗೆ ಹೋಗುತ್ತದೆ. ಮಂಡಳಿಯ ಹೆಸರಿನಲ್ಲಿಯೇ ಒಂದು ಇಮೇಲ್ ಮಾಡಿ, ಪಾಸ್‌ವರ್ಡನ್ನು ಲೆಕ್ಕದ ಪುಸ್ತಕದ ಜೊತೆ ಇಡಿ, ಅಧಿಕಾರ ಹಸ್ತಾಂತರ ಮಾಡುವಾಗ ಬೀಗದ ಕೈ ಕೊಟ್ಟ ಹಾಗೆ ಇದನ್ನೂ ಕೊಡಿ.

ನಾಲ್ಕನೇ ಹೆಜ್ಜೆ: ‘ವಾರಂಟಿ ಇಲ್ಲ’ ಅನ್ನಿಸಿಕೊಳ್ಳದಿರಲು

ಒಡೆದದ್ದು, ಬಿದ್ದದ್ದು, ನೀರು ಹೋದದ್ದು, ಸಿಡಿಲು ಬಡಿದದ್ದು, ಇರುವೆ ಗೂಡು ಕಟ್ಟಿದ್ದು, ಹಲ್ಲಿ ಒಳಗೆ ಸತ್ತದ್ದು, ಇವು ಯಾವುದಕ್ಕೂ ಸಾಮಾನ್ಯವಾಗಿ ವಾರಂಟಿ ಇಲ್ಲ. ಅಡಾಪ್ಟರಿಗೆ ಮತ್ತು ಬ್ಯಾಟರಿಗೆ ಎಷ್ಟೋ ಸಲ ಬೇರೆಯೇ ಲೆಕ್ಕ. ನಮ್ಮ ಕರಾವಳಿಯಲ್ಲಿ ಇಷ್ಟೂ ಒಂದೇ ಮಳೆಗಾಲದಲ್ಲಿ ಆಗಬಹುದು. ಗುಡುಗು ಶುರುವಾದರೆ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮೆಸ್ಕಾಂ ಕರೆಂಟು ಹೋಗಿ ಬರುವ ಹೊತ್ತಿನಲ್ಲಿಯೂ ಹಾಗೆಯೇ, ಬಂದ ಎರಡು ನಿಮಿಷ ಬಿಟ್ಟು ಹಾಕಿ.

ಅಡಾಪ್ಟರ್ ವಿಷಯದಲ್ಲಿ ಒಂದು ಮಾತು ಜಾಸ್ತಿಯೇ ಹೇಳಬೇಕು. ಜಾತ್ರೆಯ ಸ್ಟೇಜಿನಲ್ಲಿ ಅಡಾಪ್ಟರ್ ಮರೆತು ಬಂದವರು ಪಕ್ಕದವರದ್ದು ಕೇಳಿ ಹಾಕುತ್ತಾರೆ. ಪಿನ್ ಒಳಗೆ ಹೋಯಿತು ಅಂದರೆ ಸರಿಯಾಯಿತು ಅಂತಲ್ಲ. ಕ್ಯಾಸಿಯೊದ ಹಳೆಯ ಎಷ್ಟೋ ಕೀಬೋರ್ಡಿಗೆ 9 ವೋಲ್ಟು, ನಡುವಿನ ಪಿನ್ ಮೈನಸ್. ಯಮಹಾದ ಮನೆ ಬಳಕೆಯ ಎಷ್ಟೋ ಕೀಬೋರ್ಡಿಗೆ 12 ವೋಲ್ಟು, ನಡುವಿನ ಪಿನ್ ಪ್ಲಸ್. ಅದಕ್ಕೆ ಇದನ್ನು ಸಿಕ್ಕಿಸಿದರೆ ಸರ್ಕ್ಯೂಟ್ ಸುಟ್ಟು ಹೋಗಬಹುದು, ಬಿಚ್ಚಿ ನೋಡಿದ ಮೆಕ್ಯಾನಿಕ್ಕಿಗೆ ಅದು ಗೊತ್ತಾಗುತ್ತದೆ, ವಾರಂಟಿ ಅಲ್ಲಿಗೆ ಮುಗಿಯಿತು. ಅಡಾಪ್ಟರಿನ ಮೇಲೆ ಒಂದು ಚಿತ್ರ ಇರುತ್ತದೆ, ನಡುವೆ ಚುಕ್ಕಿ, ಸುತ್ತ ಅರ್ಧಚಂದ್ರ, ಎರಡು ಬದಿಗೆ ಪ್ಲಸ್ ಮೈನಸ್. ಅದೇ ಚಿತ್ರ ಕೀಬೋರ್ಡಿನ ಹಿಂದೆಯೂ ಇರುತ್ತದೆ. ಎರಡೂ ಒಂದೇ ಇರಬೇಕು, ವೋಲ್ಟೂ ಒಂದೇ ಇರಬೇಕು.

ಶ್ರುತಿಪೆಟ್ಟಿಗೆಯಲ್ಲಿ ಸೆಲ್ ಹಾಕಿಯೇ ಇಟ್ಟು ಮರೆಯಬೇಡಿ. ಯಕ್ಷಗಾನ ಮೇಳದವರ ತಿರುಗಾಟ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ, ಪೆಟ್ಟಿಗೆ ಮೂಲೆ ಸೇರುತ್ತದೆ, ದೀಪಾವಳಿ ಹೊತ್ತಿಗೆ ತೆಗೆದರೆ ಒಳಗೆ ಸೆಲ್ ಸೋರಿ ಹಸಿರು ಹಿಡಿದಿರುತ್ತದೆ. ಮೇ ಕೊನೆಯಲ್ಲಿ ಸೆಲ್ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ಲಿನ ನಾಲ್ಕು ಪೊಟ್ಟಣ ಹಾಕಿ ಮುಚ್ಚಿಡಿ. ನಡುವೆ ವಾರಕ್ಕೊಮ್ಮೆ ಅರ್ಧ ಗಂಟೆ ನುಡಿಸಿ. ಹಾಗೆಯೇ ವಾರಂಟಿ ಮುಗಿಯಲು ಎರಡು ತಿಂಗಳು ಇರುವಾಗ ಒಂದು ದಿನ ಕೂತು ಪ್ರತಿ ಕೀ, ಪ್ರತಿ ಬಟನ್, ಪ್ರತಿ ತೂತನ್ನೂ ಪರೀಕ್ಷೆ ಮಾಡಿ. ಸಣ್ಣ ತೊಂದರೆ ಇದ್ದರೆ ಆಗಲೇ ಬರೆದು ಹಾಕಿ.

‘ತೆಗೆದರೆ ವಾರಂಟಿ ಇಲ್ಲ’ ಅನ್ನುವ ಸ್ಟಿಕ್ಕರ್ ಇದ್ದರೆ, ಊರಿನ ರೇಡಿಯೊ ರಿಪೇರಿಯವರು ಎಷ್ಟೇ ಒಳ್ಳೆಯವರಿದ್ದರೂ ವಾರಂಟಿ ಇರುವ ತನಕ ಬಿಚ್ಚಿಸಬೇಡಿ. ವಾರಂಟಿ ಮುಗಿದ ಮೇಲೆ ಅವರೇ ಗತಿ, ಅದು ಬೇರೆ.

ಐದನೇ ಹೆಜ್ಜೆ: ಹಾಳಾದಾಗ, ಫೋನ್ ಮಾಡುವ ಮೊದಲು

ಕಸ್ಟಮರ್ ಕೇರಿನವರು ಹೇಗೂ ಕೇಳುವುದನ್ನು ನೀವೇ ಮಾಡಿ ಮುಗಿಸಿ. ಬೇರೆ ಪ್ಲಗ್ಗಿನಲ್ಲಿ ಹಾಕಿದಿರಾ? ಸೆಲ್ಲಿನಲ್ಲಿ ನಡೆಯುತ್ತದಾ? ಇಯರ್‌ಫೋನಿನಲ್ಲಿ ಶಬ್ದ ಬರುತ್ತದಾ, ಸ್ಪೀಕರಿನಲ್ಲಿ ಮಾತ್ರ ಇಲ್ಲವಾ? ರೀಸೆಟ್ ಮಾಡಿದಿರಾ? ರೀಸೆಟ್ ಮಾಡಿದರೆ ನೀವು ಉಳಿಸಿಟ್ಟ ತಾಳ, ಸ್ವರದ ಸೆಟ್ಟಿಂಗ್ ಎಲ್ಲ ಹೋಗುತ್ತದೆ, ಮೊದಲು ಬರೆದಿಟ್ಟುಕೊಳ್ಳಿ.

ನಮ್ಮ ‘ಕಪ್ಪು ಒಂದು’ ಯಾಕೆ ಹಾಗೆ ಆಯಿತು ಅಂತ ಆಮೇಲೆ ತಿಳಿಯಿತು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳುವ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರತಿ ಕೀ ಅಡಿಯಲ್ಲಿ ರಬ್ಬರಿನ ಗುಳ್ಳೆ, ಅದರೊಳಗೆ ಎರಡು ಕರಿ ಗುಂಡಿ ಇರುತ್ತವೆ. ಒಂದು ಮೊದಲು ತಾಗುತ್ತದೆ, ಇನ್ನೊಂದು ಸ್ವಲ್ಪ ತಡವಾಗಿ. ಆ ನಡುವಿನ ಸಮಯ ಅಳೆದು ಎಷ್ಟು ಜೋರು ಅಂತ ಯಂತ್ರ ತೀರ್ಮಾನ ಮಾಡುತ್ತದೆ. ತೇವ, ಧೂಳು ಹೋಗಿ ಒಂದು ಗುಂಡಿ ಸರಿಯಾಗಿ ತಾಗದಿದ್ದರೆ ಲೆಕ್ಕ ತಪ್ಪುತ್ತದೆ, ಮೌನ ಅಥವಾ ಗರ್ನಾಲು. ಇದನ್ನು ತಿಳಿದುಕೊಂಡರೆ ಲಾಭ ಏನು? "ಕೀ ಸರಿ ಇಲ್ಲ" ಅನ್ನುವ ಬದಲು "ಈ ಕೀಯ ಕಾಂಟ್ಯಾಕ್ಟ್ ತೊಂದರೆ, ಬಿದ್ದಿಲ್ಲ, ನೀರು ಹೋಗಿಲ್ಲ, ಬೇರೆ 60 ಕೀ ಸರಿ ಉಂಟು" ಅಂತ ಹೇಳಬಹುದು. ಹಾಗೆ ಹೇಳಿದಾಗ ಆ ಕಡೆಯವರ ದನಿ ಸ್ವಲ್ಪ ಬದಲಾಗುತ್ತದೆ. 30 ಸೆಕೆಂಡಿನ ವಿಡಿಯೊ ಮಾಡಿ, ಮೊದಲು ಸೀರಿಯಲ್ ನಂಬರ್ ತೋರಿಸಿ, ಆಮೇಲೆ ತೊಂದರೆ ತೋರಿಸಿ.

ಆರನೇ ಹೆಜ್ಜೆ: ಕಸ್ಟಮರ್ ಕೇರ್

ನಂಬರನ್ನು ಗೂಗಲಿನಲ್ಲಿ ಹುಡುಕಬೇಡಿ. ಅಲ್ಲಿ ಮೇಲೆಯೇ ಕಾಣುವ ನಂಬರುಗಳಲ್ಲಿ ಮೋಸದವರದ್ದೂ ಇರುತ್ತವೆ. ವಾರಂಟಿ ಕಾರ್ಡಿನಲ್ಲಿ, ಪೆಟ್ಟಿಗೆ ಮೇಲೆ ಇರುವ ನಂಬರನ್ನೇ ಬಳಸಿ. "ಹತ್ತು ರೂಪಾಯಿ ಕಳಿಸಿ, ರಿಜಿಸ್ಟರ್ ಆಗ್ತದೆ", "ಈ ಆ್ಯಪ್ ಹಾಕಿಕೊಳ್ಳಿ, ನಾನು ನಿಮ್ಮ ಮೊಬೈಲ್ ನೋಡ್ತೇನೆ" ಅಂದ ಕೂಡಲೇ ಫೋನ್ ಇಡಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಸರಿಯಾದ ನಂಬರು ಸಿಕ್ಕಿದ ಮೇಲೆ ಒಂದು ಪುಸ್ತಕ ಹತ್ತಿರ ಇಟ್ಟುಕೊಳ್ಳಿ. ತಾರೀಕು, ಸಮಯ, ಮಾತನಾಡಿದವರ ಹೆಸರು, ಅವರು ಹೇಳಿದ್ದು, ಕಂಪ್ಲೇಂಟ್ ನಂಬರು. ನಂಬರು ಕೊಡದೆ ಫೋನ್ ಇಡಲು ಬಿಡಬೇಡಿ. ಸಿಟ್ಟು ಮಾಡಬೇಡಿ. ಅಲ್ಲಿ ಕೂತಿರುವ ಹುಡುಗನಿಗೋ ಹುಡುಗಿಗೋ ನಿಮ್ಮ ಕೀಬೋರ್ಡು ಹಾಳು ಮಾಡಬೇಕು ಅಂತ ಏನೂ ಇಲ್ಲ, ಪರದೆಯಲ್ಲಿ ಬಂದದ್ದನ್ನು ಓದುತ್ತಾರೆ. ಅವರ ಮೇಲಿನವರಿಗೆ ಕೊಡಿ ಅಂತ ಮೆತ್ತಗೆ ಕೇಳಿ.

ಫೋನ್ ಇಟ್ಟ ಹತ್ತು ನಿಮಿಷದಲ್ಲಿ ಅದನ್ನೇ ಮೇಲ್ ಮಾಡಿ. ಮಾತು ಗಾಳಿಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ, ವ್ಯಾಕರಣದ ಚಿಂತೆ ಬೇಡ. ಐದು ವಿಷಯ ಸಾಕು: ಮಾಡೆಲ್ ಮತ್ತು ಸೀರಿಯಲ್ ನಂಬರು, ಕೊಂಡ ತಾರೀಕು ಮತ್ತು ಅಂಗಡಿ, ತೊಂದರೆ ಏನು, ಫೋನಿನಲ್ಲಿ ಏನು ಹೇಳಿದರು, ನಿಮಗೆ ಏನು ಬೇಕು ಮತ್ತು ಯಾವ ದಿನದೊಳಗೆ. ಕೊನೆಯದನ್ನು ಹೆಚ್ಚಿನವರು ಬಿಡುತ್ತಾರೆ. "ದಯವಿಟ್ಟು ಸಹಾಯ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. "15 ದಿನದೊಳಗೆ ಉಚಿತವಾಗಿ ರಿಪೇರಿ ಮಾಡಿ ಕೊಡಿ" ಅಂತ ಬರೆಯಿರಿ. ಮುಂದಿನ ಮೇಲುಗಳನ್ನೂ ಅದೇ ಮೇಲಿಗೆ ಉತ್ತರವಾಗಿ ಕಳಿಸಿ, ಇಡೀ ಕತೆ ಒಂದೇ ಕಡೆ ಇರುತ್ತದೆ.

ನಮಗೆ ಮೂರನೇ ಮೇಲಿಗೆ ಉತ್ತರ ಬಂತು. ವಾರಂಟಿ ಕಾರ್ಡಿನ ಹಿಂಬದಿಯ ಫೋಟೊ ಹಾಕಿ, "ರಿಜಿಸ್ಟ್ರೇಶನ್ ಕಡ್ಡಾಯ ಅಂತ ಇಲ್ಲಿ ಎಲ್ಲಿ ಬರೆದಿದೆ, ಗೆರೆ ಎಳೆದು ತೋರಿಸಿ" ಅಂತ ಕೇಳಿದ್ದೆ. ಗೆರೆ ಬರಲಿಲ್ಲ. ಪಾರ್ಸೆಲ್ ಕಳಿಸಿ ಅಂತ ಬಂತು.

ಆನ್‌ಲೈನ್ ಆ್ಯಪಿನಲ್ಲಿ ಕೊಂಡವರಿಗೆ ಇನ್ನೊಂದು ದಾರಿ ಉಂಟು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು ದೂರು ಅಧಿಕಾರಿಯನ್ನು ಇಡಬೇಕು, ದೂರು ತಲುಪಿತು ಅಂತ 48 ಗಂಟೆಯಲ್ಲಿ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ ಅಧಿಕಾರಿಯ ಹೆಸರು, ಮೇಲು ಸೈಟಿನ ತೀರ ಕೆಳಗೆ ಇರುತ್ತದೆ. ಚಾಟಿನಲ್ಲಿ ರೋಬೊಟ್ ಜೊತೆ ಜಗಳ ಮಾಡುವ ಬದಲು ಅಲ್ಲಿಗೆ ಬರೆಯಿರಿ.

ಪಾರ್ಸೆಲ್ ಕಳಿಸುವಾಗ

ಹಳೆಯ ಪೆಟ್ಟಿಗೆ ಇದ್ದರೆ ಅದರಲ್ಲೇ. ಇಲ್ಲದಿದ್ದರೆ ದಪ್ಪ ರಟ್ಟು, ಸುತ್ತ ಬಟ್ಟೆ, ಮಳೆಗಾಲದಲ್ಲಿ ಒಳಗೊಂದು ಹೊರಗೊಂದು ಪ್ಲಾಸ್ಟಿಕ್. ಏನೇನು ಕಳಿಸಿದಿರಿ ಅಂತ ಪಟ್ಟಿ ಬರೆದು ಒಂದು ಒಳಗೆ ಇಡಿ, ಒಂದರ ಮೇಲೆ ತೆಗೆದುಕೊಂಡವರ ಸಹಿ ಹಾಕಿಸಿ. ಕೇಳದಿದ್ದರೆ ಅಡಾಪ್ಟರ್, ಸ್ಟ್ಯಾಂಡ್, ಪೆನ್‌ಡ್ರೈವ್ ಕಳಿಸಲೇಬೇಡಿ. ಅಸಲಿ ಬಿಲ್ಲನ್ನು ಯಾವ ಕಾರಣಕ್ಕೂ ಕಳಿಸಬೇಡಿ, ಝೆರಾಕ್ಸ್ ಸಾಕು. ಕೊಟ್ಟ ದಿನ ಜಾಬ್ ಶೀಟ್, ಅಂದರೆ ರಿಪೇರಿಗೆ ತೆಗೆದುಕೊಂಡದ್ದಕ್ಕೆ ಚೀಟಿ, ಕೇಳಿ, ಅದರಲ್ಲಿ ‘ವಾರಂಟಿಯಲ್ಲಿ’ ಅಂತ ಬರೆದಿರಬೇಕು.

ಏಳನೇ ಹೆಜ್ಜೆ: ಯಾವುದಕ್ಕೂ ಬಗ್ಗದಿದ್ದರೆ

1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ದುಡ್ಡು ಇಲ್ಲ, ಕನ್ನಡದಲ್ಲೂ ಮಾತನಾಡಬಹುದು. 8800001915ಕ್ಕೆ ವಾಟ್ಸ್ಆ್ಯಪ್ ಕೂಡ ಮಾಡಬಹುದು. ಇದು ಕೋರ್ಟ್ ಅಲ್ಲ. ನಿಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಆದರೆ ಕಂಪನಿಯೊಳಗೆ ಅದನ್ನು ನೋಡುವವರು ಸಾಮಾನ್ಯವಾಗಿ ಬೇರೆ ಜನ, ಸ್ವಲ್ಪ ಮೇಲಿನವರು. ಎಷ್ಟೋ ಸಲ ಇಲ್ಲಿಗೇ ಕೆಲಸ ಆಗುತ್ತದೆ.

ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ದಕ್ಷಿಣ ಕನ್ನಡಕ್ಕೆ ಒಂದು, ಉಡುಪಿಗೆ ಒಂದು ಉಂಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಯಾದ ಮೇಲೆ ನಮ್ಮಂಥವರಿಗೆ ದೊಡ್ಡ ಅನುಕೂಲ ಆಗಿದೆ. ಕಂಪನಿ ಗುರುಗ್ರಾಮದಲ್ಲಿರಲಿ, ಚೆನ್ನೈಯಲ್ಲಿರಲಿ, ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಾದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ತೊಂದರೆ ಶುರುವಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ಅನ್ನುವ ಸರ್ಕಾರಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ಅಲ್ಲಿಯೂ ಒಂದು ರಿಜಿಸ್ಟ್ರೇಶನ್ ಫಾರ್ಮು ಉಂಟು, ಏನು ಮಾಡುವುದು.

ಇಬ್ಬರಿಗೆ ಒಂದು ಸಂಶಯ ಬರುತ್ತದೆ. ಮಂಡಳಿಯವರಿಗೆ: ನಮ್ಮದು ಒಬ್ಬರ ಹೆಸರಿನಲ್ಲಿ ಇಲ್ಲವಲ್ಲ ಅಂತ. ಸಂಘ ನೋಂದಣಿ ಆಗಿರಲಿ, ಆಗದಿರಲಿ, ಕಾಯ್ದೆ ಅದನ್ನೂ ‘ವ್ಯಕ್ತಿ’ ಅಂತಲೇ ಲೆಕ್ಕ ಹಾಕುತ್ತದೆ. ಇನ್ನೊಂದು ಕಲಾವಿದರಿಗೆ. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಅಂತ ಕಾನೂನು ಹೇಳುವುದು ಹೌದು. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ತುಂಬಿಸಿಕೊಳ್ಳಲು ಕೊಂಡದ್ದಾದರೆ ಅದು ವ್ಯಾಪಾರ ಅಲ್ಲ ಅಂತಲೂ ಅದೇ ಕಾನೂನು ಹೇಳುತ್ತದೆ. ಮದುವೆ ಮನೆಯಲ್ಲಿ ಕೀಬೋರ್ಡ್ ನುಡಿಸಿ ಸಂಸಾರ ನಡೆಸುವವರು, ಶ್ರುತಿಪೆಟ್ಟಿಗೆ ಹಿಡಿದು ರಾತ್ರಿಯಿಡೀ ಪದ ಹೇಳುವ ಭಾಗವತರು ಹೆದರಬೇಕಾಗಿಲ್ಲ. ದೂರಿನಲ್ಲಿ ಆ ಮಾತನ್ನು ಸ್ಪಷ್ಟವಾಗಿ ಬರೆಯಿರಿ. ವಾರಂಟಿ ಕಾರ್ಡಿನಲ್ಲಿ ‘ಮನೆ ಬಳಕೆಗೆ ಮಾತ್ರ’ ಅಂತ ಇದ್ದರೆ ಅದು ಬೇರೆ ಜಗಳ, ಕೊಳ್ಳುವ ಮೊದಲೇ ನೋಡಿಕೊಳ್ಳಿ.

ನಮಗೆ ಆಯೋಗದವರೆಗೆ ಹೋಗಬೇಕಾಗಲಿಲ್ಲ. ಕೀಬೋರ್ಡ್ ವಾಪಸು ಬಂತು, ದುಡ್ಡು ಕೇಳಲಿಲ್ಲ, ‘ಕಪ್ಪು ಒಂದು’ ಈಗ ಸರಿ ಉಂಟು. ಆದರೆ ಅಡಾಪ್ಟರ್ ಬರಲಿಲ್ಲ. ಕಳಿಸಬೇಡಿ ಅಂತ ಮೇಲೆ ಬರೆದೆನಲ್ಲ, ನಾನು ಕಳಿಸಿದ್ದೆ, ಪಟ್ಟಿಯಲ್ಲಿಯೂ ಬರೆದಿರಲಿಲ್ಲ. ಅದಕ್ಕೆ ಈಗ ಹೊಸ ಕಂಪ್ಲೇಂಟ್ ನಂಬರ್ ಕೊಟ್ಟಿದ್ದಾರೆ.